ಪಾಠ್ಯವೂ ಗೇಯವೂ: ‘ಮೋಹನ ಮುರಳಿ’ಯ ವಿಚಾರ

ಆದಿಕವಿ ವಾಲ್ಮೀಕಿಯು ತನ್ನ ಕಾವ್ಯವನ್ನು ಕುಶಲವರಿಗೆ ಕಲಿಸಿದ ಸಂದರ್ಭವು ಬಾಲಕಾಂಡದ ನಾಲ್ಕನೆಯ ಸರ್ಗದಲ್ಲಿ ಬರುತ್ತದೆ. ಅಲ್ಲಿ ಆ ಕಾವ್ಯಕ್ಕೆ ಸಲ್ಲುವ ಪ್ರಶಂಸೆಗಳಲ್ಲಿ ಒಂದು, ಅದು ಪಾಠ್ಯವಾಗಿಯೂ ಗೇಯವಾಗಿಯೂ ಮಧುರವಾದುದು ಎಂಬುದು. ಓದುವುದು ಮತ್ತು ಹಾಡುವುದು ಎಂಬ ಎರಡನ್ನು ಹಿರಿಯರು ಹೀಗೆ ಜೊತೆಯಾಗಿಯೇ ಹೇಳಿದರು. ಓದಿದಾಗ ಒಂದು ಅರ್ಥ, ಹಾಡಿದಾಗ ಇನ್ನೊಂದು ಅರ್ಥ ಹೊರಟೀತೆಂಬ ಶಂಕೆ ಅವರಿಗೆ ಬಂದಂತೆ ಕಾಣುವುದಿಲ್ಲ. ಆದರೆ ಪುಸ್ತಕದಲ್ಲೊಂದು ಬಾಳನ್ನೂ ಕಂಠದಲ್ಲೊಂದು ಬಾಳನ್ನೂ ಬೇರೆ ಬೇರೆಯಾಗಿ ಬಾಳುತ್ತಿರುವ ಕವಿತೆಗಳು ಹೊಸಗನ್ನಡದಲ್ಲಿ ಕೆಲವು ಉಂಟು. ಅವುಗಳಲ್ಲಿ ಗೋಪಾಲಕೃಷ್ಣ ಅಡಿಗರ ‘ಮೋಹನ ಮುರಳಿ’ಯಷ್ಟು ವಿಚಾರಕ್ಕೆ ಎಡೆಗೊಡುವುದು ಮತ್ತೊಂದಿಲ್ಲ.

ಶಿವಮೊಗ್ಗೆಯಲ್ಲಿ ಈ ಹಾಡನ್ನು ಕೇಳದ ಮನೆಯನ್ನು ಹುಡುಕಬೇಕು. ಕಾಲೇಜುಗಳ ಬೀಳ್ಕೊಡುಗೆಯ ದಿನ, ಗಣಪತಿಯ ಉತ್ಸವದ ರಾತ್ರಿ, ಕುವೆಂಪು ರಂಗಮಂದಿರದ ಸುಗಮ ಸಂಗೀತದ ಸಂಜೆ, ಮದುವೆಯ ಆರತಕ್ಷತೆ, ಎಲ್ಲಿಯಾದರೂ ಸರಿ, ಹಾರ್ಮೋನಿಯಂ ತೆರೆದರೆ ಅರ್ಧ ಗಂಟೆಯೊಳಗೆ ಯಾರಾದರೊಬ್ಬರು ಇದನ್ನು ಎತ್ತಿಕೊಳ್ಳುತ್ತಾರೆ. ಭದ್ರಾವತಿಯಲ್ಲಿಯೂ ಹಾಗೆಯೇ. ಹಾಡುವವರಲ್ಲಿ ಹಲವರಿಗೆ ಇದು ಸಿನಿಮಾ ಹಾಡು, ಕೆಲವರಿಗೆ ಭಾವಗೀತೆ, ಯಾರದೆಂದು ಕೇಳಿದರೆ ಕವಿಯ ಹೆಸರನ್ನು ಹೇಳುವವರು ಇನ್ನೂ ಕೆಲವರು. ಎಲ್ಲರಿಗೂ ಇದು ಪ್ರೇಮಗೀತೆಯೇ, ಅದರಲ್ಲಿಯೂ ಅಗಲಿಕೆಯ ಪ್ರೇಮಗೀತೆ. ಈ ಅಭಿಪ್ರಾಯವು ಎಷ್ಟರಮಟ್ಟಿಗೆ ಸರಿ ಎಂಬುದೇ ಇಲ್ಲಿಯ ಪ್ರಶ್ನೆ.

ಅಡಿಗರು 1918ರಲ್ಲಿ ಕುಂದಾಪುರದ ಬಳಿಯ ಮೊಗೇರಿಯಲ್ಲಿ ಜನಿಸಿದರು. ಅವರ ಮೊದಲ ಸಂಗ್ರಹ ‘ಭಾವತರಂಗ’ 1946ರಲ್ಲಿಯೂ ‘ಕಟ್ಟುವೆವು ನಾವು’ 1948ರಲ್ಲಿಯೂ ಹೊರಬಂದವು. ಬೇಂದ್ರೆ, ಕುವೆಂಪು ಮೊದಲಾದವರು ಹಾಕಿಕೊಟ್ಟ ನವೋದಯದ ಹಾದಿಯಲ್ಲಿಯೇ ಅವರು ಆಗ ನಡೆಯುತ್ತಿದ್ದರು. ‘ಮೋಹನ ಮುರಳಿ’ ಆ ಪೂರ್ವಕಾಲದ ಫಲ. 1954ರಲ್ಲಿ ‘ಚಂಡೆಮದ್ದಳೆ’ ಬಂದಾಗ ಹಾದಿ ತಿರುಗಿತು. ಹೆಸರೇ ಸಾಕು. ಯಕ್ಷಗಾನದ ಮೇಳದಲ್ಲಿ ಚಂಡೆಯ ಸದ್ದು ಎದ್ದ ಮೇಲೆ ಕೊಳಲಿನ ದನಿ ಯಾರಿಗೆ ಕೇಳಿಸೀತು? ಮೃದುವಾದ ಪದ, ಸರಾಗವಾದ ಲಯ, ರಾಗಕ್ಕೆ ತಾನಾಗಿಯೇ ಒದಗುವ ಪ್ರಾಸ, ಇವುಗಳನ್ನೆಲ್ಲ ಅಡಿಗರು ಬೇಕೆಂದೇ ಬಿಟ್ಟುಕೊಟ್ಟರು. 1959ರ ‘ಭೂಮಿಗೀತ’ದ ಹೆಸರಿನಲ್ಲಿ ಗೀತವೆಂಬ ಮಾತು ಉಳಿದಿದ್ದರೂ ಅದನ್ನು ಶ್ರುತಿಗೆ ಕೂರಿಸಿ ಹಾಡುವ ಸಾಹಸವನ್ನು ಯಾರೂ ಮಾಡಲಾರರು. ನವ್ಯಕಾವ್ಯವೆಂದು ಹೆಸರಾದ ಈ ಮಾರ್ಗದ ಪ್ರಮುಖರು ಅವರೇ ಆದರು. ಹಾಡುವ ಕವಿತೆಯನ್ನು ಹಗುರವಾಗಿ ಕಾಣುವ ಒಂದು ಮನೋಭಾವವು ಆ ಕಾಲದ ವಿಮರ್ಶಕರಲ್ಲಿ ಬೆಳೆದದ್ದೂ ಉಂಟು. ಅದು ಸ್ವಲ್ಪ ಅತಿಯಾಯಿತು.

ಇದರಿಂದಾದ ವಿಪರ್ಯಾಸವು ಶಿವಮೊಗ್ಗೆಯ ಜಿಲ್ಲೆಯಲ್ಲಿಯೇ ಕಣ್ಣಿಗೆ ಬೀಳುವಂಥದು. 1964ರಿಂದ 1968ರವರೆಗೆ ಅಡಿಗರು ಸಾಗರದ ಲಾಲ್ ಬಹಾದುರ್ ಕಾಲೇಜಿನ ಪ್ರಾಂಶುಪಾಲರಾಗಿದ್ದರು. 1962ರಲ್ಲಿ ಅವರು ಆರಂಭಿಸಿದ್ದ ‘ಸಾಕ್ಷಿ’ ಪತ್ರಿಕೆಯು ಹಾಡಲಾಗದ ಕವಿತೆಯ ಪಕ್ಷವನ್ನು ಗಟ್ಟಿಯಾಗಿ ಹಿಡಿದಿತ್ತು. ಅದೇ ಸಮಯದಲ್ಲಿ, 1965ರಲ್ಲಿ, ಭದ್ರಾವತಿಯಲ್ಲಿ ಆಕಾಶವಾಣಿಯ ಕೇಂದ್ರವು ಪ್ರಾರಂಭವಾಯಿತು. ಅಲ್ಲಿಯವರೆಗೆ ಕಬ್ಬಿಣದ ಕಾರ್ಖಾನೆಯ ಸೀಟಿಗೆ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ ಊರು ಅಂದಿನಿಂದ ರೇಡಿಯೋವಿನ ವೇಳೆಯನ್ನೂ ಕಲಿಯಿತು. ವಾರ್ತೆ, ಕೃಷಿಯ ಮಾತು, ಶಾಸ್ತ್ರೀಯ ಸಂಗೀತ, ಇವುಗಳ ಜೊತೆಗೆ ಭಾವಗೀತೆಯೂ ಮಲೆನಾಡಿನ ಅಡಿಗೆಮನೆಯನ್ನು ಹೊಕ್ಕಿತು. ಸಾಗರದಲ್ಲಿ ಕುಳಿತ ಕವಿಯು ಗೇಯತೆಯನ್ನು ಹೊರಗೆ ಅಟ್ಟುತ್ತಿದ್ದಾಗ, ಎಪ್ಪತ್ತೆಂಬತ್ತು ಮೈಲಿಗಳೂ ಇಲ್ಲದ ದೂರದಲ್ಲಿ ಗೇಯತೆಗೆ ಹೊಸದೊಂದು ಮನೆಯನ್ನು ಕಟ್ಟಿ ಗೃಹಪ್ರವೇಶ ಮಾಡಿದ್ದರು.

ಕನ್ನಡದ ಕವಿತೆಗಳನ್ನು ಸಭೆಯಲ್ಲಿ ಹಾಡುವ ಪದ್ಧತಿಗೆ ಪಿ. ಕಾಳಿಂಗರಾಯರು ಆಚಾರ್ಯಸ್ಥಾನದಲ್ಲಿರುವರು. ಅವರ ಬಳಿಕ ಮೈಸೂರು ಅನಂತಸ್ವಾಮಿ ಮತ್ತು ಸಿ. ಅಶ್ವತ್ಥ್ ಇಬ್ಬರೂ ಆ ಪದ್ಧತಿಯನ್ನು ಮನೆಮನೆಗೆ ತಂದರು. 1978ರಲ್ಲಿ ಅನಂತಸ್ವಾಮಿಯವರ ಸಂಗೀತದಲ್ಲಿ ‘ನಿತ್ಯೋತ್ಸವ’ ಧ್ವನಿಸುರುಳಿಯು ಹೊರಬಂದಿತು. ಅದರ ಕವಿ ನಿಸಾರ್ ಅಹಮದರು ಶಿವಮೊಗ್ಗೆಯ ಸಹ್ಯಾದ್ರಿ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದವರು. ಕಂಬಾರರ ‘ಕಾಡು ಕುದುರೆ’ ಚಿತ್ರದ ಹಾಡಿಗಾಗಿ ಶಿವಮೊಗ್ಗ ಸುಬ್ಬಣ್ಣನವರಿಗೆ 1978ನೆಯ ವರ್ಷದ ರಾಷ್ಟ್ರಪ್ರಶಸ್ತಿ ದೊರೆಯಿತು. ಹೊಸನಗರದ ನಗರದಲ್ಲಿ ಹುಟ್ಟಿ, ವಕೀಲವೃತ್ತಿಯನ್ನು ಹಿಡಿದು, 2022ರಲ್ಲಿ ತೀರಿಕೊಂಡ ಈ ಗಾಯಕರ ಕಂಠದಲ್ಲಿ ಒಂದು ಬಗೆಯ ಗಂಡುತನವಿತ್ತು. ಪದವು ಸ್ವರದ ಕೆಳಗೆ ಮುಚ್ಚಿಹೋಗುತ್ತಿರಲಿಲ್ಲ. ಈ ಮಾತನ್ನು ಇಲ್ಲಿ ಎತ್ತಿದ್ದಕ್ಕೆ ಕಾರಣವು ಮುಂದೆ ತಿಳಿಯುವುದು.

ಒಂದೇ ಹಾಡನ್ನು ತಲೆಮಾರಿನಿಂದ ತಲೆಮಾರಿಗೆ ಹಲವರು ಹಲವು ರೀತಿಯಲ್ಲಿ ಹಾಡುತ್ತ ಬರುವುದು ಕನ್ನಡಕ್ಕೆ ಮಾತ್ರ ಸೇರಿದ ಸಂಗತಿಯಲ್ಲ. ಅಮೆರಿಕದ ಜಾಝ್ ಎಂಬ ಸಂಗೀತಪದ್ಧತಿಯಲ್ಲಿ ಇಂಥ ಹಾಡಿಗೆ ‘ಸ್ಟ್ಯಾಂಡರ್ಡ್’ ಎಂದೇ ಹೆಸರು. ‘ಆಟಮ್ ಲೀವ್ಸ್’ ಎಂಬುದು ಅದಕ್ಕೊಂದು ಪ್ರಸಿದ್ಧ ನಿದರ್ಶನ. ಹಂಗೇರಿಯಲ್ಲಿ ಹುಟ್ಟಿದ ಜೋಸೆಫ್ ಕೋಸ್ಮಾ ಎಂಬಾತನು ನೃತ್ಯರೂಪಕವೊಂದಕ್ಕಾಗಿ 1945ರಲ್ಲಿ ಮಾಡಿದ ಸ್ವರಕ್ಕೆ ಫ್ರೆಂಚ್ ಕವಿ ಜಾಕ್ ಪ್ರೆವೇರನು ಮಾತುಗಳನ್ನು ಕೊಟ್ಟನು. ಉದುರಿದ ಎಲೆಗಳನ್ನು ಕಂಡು ಹೋದ ಪ್ರೇಮವನ್ನು ನೆನೆಯುವ ಹಾಡು ಅದು. 1946ರಲ್ಲಿ ಅದು ಒಂದು ಫ್ರೆಂಚ್ ಚಲಚ್ಚಿತ್ರದಲ್ಲಿ ಕೇಳಿಸಿತು; ಜಾನಿ ಮರ್ಸರ್ ಎಂಬಾತನ ಇಂಗ್ಲಿಷ್ ಮಾತುಗಳನ್ನು ತೊಟ್ಟು ಸಾಗರವನ್ನು ದಾಟಿತು; 1958ರಲ್ಲಿ ಕ್ಯಾನನ್‌ಬಾಲ್ ಆಡರ್ಲಿ ಮತ್ತು ಮೈಲ್ಸ್ ಡೇವಿಸ್ ಅದನ್ನು ವಾದ್ಯಗಳಲ್ಲಿ ನುಡಿಸಿದಾಗ ಮಾತುಗಳೆಲ್ಲ ಉದುರಿ ಸ್ವರವೊಂದೇ ಉಳಿಯಿತು. ಆದರೂ ಕೇಳಿದವರು ಹಾಡನ್ನು ಗುರುತಿಸಿದರು. ಅಲ್ಲಿಯ ಕ್ರಮವೇ ಹಾಗೆ. ಸ್ವರವು ಶರೀರ, ಮಾತು ಅಂಗವಸ್ತ್ರ. ಬೇಕಾದರೆ ಹೊದೆಯಬಹುದು, ಬೇಡವಾದರೆ ತೆಗೆದಿಡಬಹುದು. ಕನ್ನಡದ ಭಾವಗೀತೆಯಲ್ಲಿ ಇದು ತಲೆಕೆಳಗು. ಮಾತು ಮೊದಲು ಪುಸ್ತಕದಲ್ಲಿ ನಿಂತಿರುತ್ತದೆ. ಒಬ್ಬರು ಒಂದು ರಾಗದಲ್ಲಿ, ಇನ್ನೊಬ್ಬರು ಇನ್ನೊಂದು ರಾಗದಲ್ಲಿ ಅದನ್ನು ಹಾಡುತ್ತಾರೆ. ಬದಲಾಗದೆ ಉಳಿಯುವುದು ಮಾತೇ. ಆದಕಾರಣ ಇಂಥ ಹಾಡಿನ ಚರಿತ್ರೆಯನ್ನು ಬರೆಯುವವನು ಸ್ವರವನ್ನು ಕುರಿತು ಎಷ್ಟು ಹೇಳಿದರೂ ಕೊನೆಗೆ ಮಾತಿನ ಬಳಿಗೆ ಬರಲೇಬೇಕು.

ಮಾತಿನ ಬಳಿಗೆ ಬಂದರೆ ಮೊದಲು ತೋರುವುದು, ಈ ಕವಿತೆಯಲ್ಲಿ ಉತ್ತರಗಳಿಲ್ಲ, ಪ್ರಶ್ನೆಗಳೇ ಇವೆ ಎಂಬುದು. ಯಾರೋ ಒಬ್ಬನನ್ನು ಇನ್ನಾರೋ ಸಲಿಗೆಯಿಂದ, ಏಕವಚನದಲ್ಲಿ ಕೇಳುತ್ತಿದ್ದಾರೆ. ಕೊಳಲು ಕರೆದಿದೆ, ಯಾವ ಕೊಳಲು? ಬೃಂದಾವನ ಸೆಳೆದಿದೆ, ಯಾವ ಬೃಂದಾವನ? ಭಾಗವತವನ್ನು ಓದಿದವರಿಗೆ ಈ ಪ್ರಶ್ನೆಯೇ ವಿಚಿತ್ರವಾಗಿ ಕಾಣಬೇಕು. ದಶಮಸ್ಕಂಧದ ರಾಸಪ್ರಸಂಗದಲ್ಲಿ ಗೋಪಿಯರು ಕಾಯುವ ಹಾಲನ್ನು ಒಲೆಯ ಮೇಲೆಯೇ ಬಿಟ್ಟು, ಬಡಿಸುತ್ತಿದ್ದವರು ಬಡಿಸುವುದನ್ನು ಬಿಟ್ಟು, ಮಗುವಿಗೆ ಹಾಲೂಡುತ್ತಿದ್ದವರು ಮಗುವನ್ನು ಬಿಟ್ಟು ಓಡುತ್ತಾರೆ. ಆದರೆ ಅವರಲ್ಲಿ ಒಬ್ಬಳಿಗೂ ಯಾರ ಕೊಳಲೆಂಬ ಸಂದೇಹವಿಲ್ಲ. ಅಷ್ಟೇ ಅಲ್ಲ, ಅಲ್ಲಿ ಊದಿದವನೇ ಎದುರಿಗೆ ನಿಂತು, ಏಕೆ ಬಂದಿರಿ, ಮನೆಗೆ ಹಿಂದಿರುಗಿರಿ ಎಂದು ಧರ್ಮವನ್ನೂ ಹೇಳುತ್ತಾನೆ. ಅಡಿಗರ ಕವಿತೆಯಲ್ಲಿ ಕರೆಯುಂಟು, ಕರೆಯುವವನಿಲ್ಲ. ಮನೆಗೆ ಹೋಗೆಂದು ಹೇಳುವವನೂ ಇಲ್ಲ. ದಾಸರ ಪದಗಳಿಗೂ ಈ ಪದ್ಯಕ್ಕೂ ಇರುವ ದೂರವೆಲ್ಲವೂ ‘ಯಾವ’ ಎಂಬ ಎರಡಕ್ಷರದಲ್ಲಿದೆ.

ಎರಡನೆಯದಾಗಿ, ಇದು ವಿಪ್ರಲಂಭವಲ್ಲ. ಹಾಡುವವರೂ ಕೇಳುವವರೂ ಬಹುಮಟ್ಟಿಗೆ ತಪ್ಪುವುದು ಇಲ್ಲಿಯೇ. ಶೃಂಗಾರದ ಉದ್ದೀಪನ ಸಾಮಗ್ರಿಯೆಲ್ಲವನ್ನೂ ಕವಿಯು ತಂದು ಎದುರಿಗೆ ಹರಡಿದ್ದಾನೆ: ಹೂವಿನ ಹಾಸಿಗೆಯುಂಟು, ಬೆಳದಿಂಗಳುಂಟು, ಗಂಧವುಂಟು. ಸಾಮಗ್ರಿ ಮಾತ್ರವಲ್ಲ, ಪ್ರಿಯಜನರೂ ತೋಳಿನಲ್ಲಿಯೇ ಇದ್ದಾರೆ. ಮೈಯ ಬಿಸುಪನ್ನೂ ರಕ್ತಮಾಂಸವನ್ನೂ ಹೆಸರು ಹಿಡಿದು ಹೇಳುವಲ್ಲಿ ಕವಿಗೆ ಸಂಕೋಚವಿಲ್ಲ. ಆ ಕಾಲದ ಸಾತ್ವಿಕ ಭಾವಗೀತೆಗಳ ನಡುವೆ ಈ ಮಾತುಗಳು ಎದ್ದು ನಿಲ್ಲುತ್ತವೆ. ಇಷ್ಟು ದೊರೆತರೆ ಸಾಕೆಂದು ಆತನು ತೃಪ್ತನಾಗಿಯೂ ಇದ್ದನು. ಈಗ ಬಂದಿರುವುದು ಬೇಸರ. ಈ ಪದವನ್ನು ಕವಿಯು ಎರಡು ಕಡೆ ಪ್ರಯೋಗಿಸಿದ್ದಾನೆ. ಕವಿತೆಯ ಜೀವನಾಡಿ ಅದರಲ್ಲಿಯೇ ಮಿಡಿಯುತ್ತದೆ. ಅಗಲಿದವರಿಗೆ ಬರುವುದು ವಿರಹ. ಅಪ್ಪುಗೆಯೊಳಗೆ ಇದ್ದವನಿಗೆ ಬರುವುದು ಬೇಸರ. ಮೊದಲನೆಯದಕ್ಕೆ ಮದ್ದುಂಟು, ಪ್ರಿಯರು ಬಂದರೆ ಸರಿಹೋಗುತ್ತದೆ. ಎರಡನೆಯದಕ್ಕೆ?

ಕಾಳಿದಾಸನಿಗೆ ಈ ಮನಃಸ್ಥಿತಿಯು ತಿಳಿದಿತ್ತು. ಶಾಕುಂತಲದ ಐದನೆಯ ಅಂಕದ ಮೊದಲಲ್ಲಿ ಹಂಸಪದಿಕೆಯ ಹಾಡು ಅಂತಃಪುರದಿಂದ ಕೇಳಿಬರುತ್ತದೆ. ದುಷ್ಯಂತನು, ಪ್ರಿಯರ ಅಗಲಿಕೆಯೇನೂ ಇಲ್ಲದಿದ್ದರೂ ಮನಸ್ಸೇಕೆ ಇಷ್ಟು ಕಳವಳಿಸುತ್ತಿದೆ ಎಂದು ತನ್ನನ್ನೇ ಕೇಳಿಕೊಳ್ಳುತ್ತಾನೆ. ಸುಖದಲ್ಲಿರುವವನನ್ನೂ ಇಂಪಾದ ದನಿಯೊಂದು ತಳಮಳಗೊಳಿಸುತ್ತದೆ; ಜನ್ಮಾಂತರದ ಸ್ನೇಹಗಳ ನೆನಪಿರಬೇಕು ಎಂಬುದು ಆತನ ಸಮಾಧಾನ. ‘ಮೋಹನ ಮುರಳಿ’ಯ ವಸ್ತುವು ಇದೇ. ಆದರೆ ಅಲ್ಲಿ ದುಷ್ಯಂತನಿಗೆ ತಿಳಿಯದುದು ಪ್ರೇಕ್ಷಕರಿಗೆ ತಿಳಿದಿದೆ: ಮರೆತ ಶಕುಂತಲೆಯು ಬಾಗಿಲ ಬಳಿಗೆ ಬರುತ್ತಿದ್ದಾಳೆ. ಕಳವಳಕ್ಕೊಂದು ಕಾರಣವುಂಟು, ಕಾರಣಕ್ಕೊಂದು ಶಾಪವುಂಟು, ಶಾಪಕ್ಕೊಂದು ಉಂಗುರದ ವಿಮೋಚನೆಯುಂಟು. ಅಡಿಗರಲ್ಲಿ ಯಾವ ಉಂಗುರವೂ ಇಲ್ಲ.

ಈ ಕವಿತೆಯ ಅತ್ಯಂತ ಗಹನವಾದ ಪ್ರತಿಮೆಯು ಮರದೊಳಗಿನ ಕಿಚ್ಚಿನದು. ಯಜ್ಞಶಾಲೆಯ ಅರಣಿಯನ್ನು ಬಲ್ಲವರಿಗೆ ಅದು ಎಲ್ಲಿಂದ ಬಂದುದೆಂದು ಕೂಡಲೇ ಹೊಳೆಯುವುದು. ಅರ್ಚಕರ ಮನೆತನದಲ್ಲಿ ಹುಟ್ಟಿದ ಕವಿಗೆ ಅದು ಎರವಲಿನ ಸೊತ್ತಲ್ಲ. ಶ್ವೇತಾಶ್ವತರೋಪನಿಷತ್ತು ದೇಹವನ್ನು ಕೆಳಗಿನ ಅರಣಿಯಾಗಿಯೂ ಪ್ರಣವವನ್ನು ಮೇಲಿನ ಅರಣಿಯಾಗಿಯೂ ಮಾಡಿ ಕಡೆದರೆ ಅಡಗಿರುವ ದೇವನು ಕಾಣುವನೆಂದು ಹೇಳುತ್ತದೆ. ಅಡಿಗರು ಅರಣಿಯನ್ನು ಹಾಗೆಯೇ ಇಟ್ಟುಕೊಂಡರು. ಒಳಗಿದ್ದ ದೇವನ ಜಾಗದಲ್ಲಿ ಬೇಸರವನ್ನು ಕೂರಿಸಿದರು. ಏನೋ ಒಂದು ಉಜ್ಜಿದರೆ ಸಾಕು, ಅದು ಹೊತ್ತಿಕೊಳ್ಳುತ್ತದೆ. ಸಂಪ್ರದಾಯಸ್ಥರಿಗೆ ಇದು ಸ್ವಲ್ಪ ಕಸಿವಿಸಿಯನ್ನುಂಟುಮಾಡಿದರೂ ಆಶ್ಚರ್ಯವಿಲ್ಲ. ಆದರೆ ಕವಿಯು ಅಪಹಾಸ್ಯ ಮಾಡಿಲ್ಲ. ಕಾಣದ ಕಡಲೊಂದರ ಹುಟ್ಟದ ಅಲೆಗಳ ಸದ್ದು ಇಲ್ಲಿಯವರೆಗೆ ಬಂದಿತೇ ಎಂದು ಮುಂದೆ ಕೇಳುವಾಗ ಆ ದನಿಯಲ್ಲಿ ಭಯವೂ ಇದೆ, ಭಕ್ತಿಯ ಅಂಚೂ ಇದೆ. ‘ಚಂಡೆಮದ್ದಳೆ’ಯ ಕವಿಯು ಈ ಕೊಳಲಿನೊಳಗೆ ಆಗಲೇ ಕೆಮ್ಮುತ್ತಿದ್ದಾನೆ ಎನ್ನಬಹುದು. ಮಾರ್ಗ ಬದಲಾದದ್ದು 1954ರಲ್ಲಾದರೂ ಬೇಸರವು ಅದಕ್ಕೂ ಹಿಂದಿನದು.

ಇನ್ನು ಹಾಡಿನ ಬಾಳಿಗೆ ಬರೋಣ. ಅಡಿಗರು 1992ರಲ್ಲಿ ತೀರಿಕೊಂಡರು. ಆ ದಶಕದ ಉತ್ತರಾರ್ಧದಲ್ಲಿ ನಾಗತಿಹಳ್ಳಿ ಚಂದ್ರಶೇಖರರ ‘ಅಮೆರಿಕಾ ಅಮೆರಿಕಾ’ ಚಿತ್ರವು ತೆರೆಗೆ ಬಂದಿತು. ಮನೋಮೂರ್ತಿಯವರು ಸ್ವರಸಂಯೋಜನೆ ಮಾಡಿದ ಈ ಕವಿತೆಯನ್ನು ಅದರಲ್ಲಿ ರಾಜು ಅನಂತಸ್ವಾಮಿಯವರೂ ಸಂಗೀತಾ ಕಟ್ಟಿಯವರೂ ಹಾಡಿದರು. ಇಂದು ಬೀದಿಬೀದಿಯಲ್ಲಿ ಕೇಳಿಸುವುದು ಬಹುತೇಕ ಇದೇ. ಸ್ನೇಹಿತರಿಬ್ಬರಲ್ಲಿ ಒಬ್ಬನು ಅಮೆರಿಕಕ್ಕೆ ಹೋಗುತ್ತಾನೆ, ಒಬ್ಬನು ಊರಿನಲ್ಲಿ ಉಳಿಯುತ್ತಾನೆ, ಇಬ್ಬರೂ ಮೆಚ್ಚಿದ ಹುಡುಗಿಯು ಹೋದವನ ಕೈ ಹಿಡಿಯುತ್ತಾಳೆ. ಇಂಥ ಕಥೆಗೆ ಈ ಕವಿತೆಯನ್ನು ಆರಿಸಿದ ನಿರ್ದೇಶಕರ ರಸಜ್ಞತೆಯನ್ನು ಮೆಚ್ಚಲೇಬೇಕು. ರಾಜು ಅವರ ದನಿಯಲ್ಲಿ ಆಡಂಬರವಿಲ್ಲ. ಸಾಹಿತ್ಯವನ್ನು ತಂದೆಯಿಂದ ಕಲಿತವರ ಉಚ್ಚಾರಣೆ ಅದು. 2009ರಲ್ಲಿ ಅವರು ಚಿಕ್ಕ ವಯಸ್ಸಿನಲ್ಲಿಯೇ ಹೋದದ್ದು ಸುಗಮ ಸಂಗೀತಕ್ಕೆ ಆದ ನಷ್ಟ.

ಮೆಚ್ಚಿದ ಮೇಲೆ ಎರಡು ಆಕ್ಷೇಪಗಳನ್ನು ಹೇಳಬೇಕು. ಕವಿತೆಯ ದೂರದ ದಡವು ಯಾವ ಭೂಪಟದಲ್ಲಿಯೂ ಇಲ್ಲ. ಚಿತ್ರದಲ್ಲಿ ಅದಕ್ಕೆ ಊರು ಬಂದಿತು, ವಿಮಾನದ ಟಿಕೀಟು ಬಂದಿತು. ಹೋದವರು ಹಿಂದಿರುಗಬಹುದಾದ ತೀರವಾಯಿತು ಅದು. ಎರಡನೆಯದಾಗಿ, ಒಬ್ಬನು ಇನ್ನೊಬ್ಬನನ್ನು ಕೇಳುವ ಪ್ರಶ್ನೆಗಳನ್ನು ಗಂಡುದನಿಗೂ ಹೆಣ್ಣುದನಿಗೂ ಹಂಚಿದ್ದರಿಂದ ಅವು ಪ್ರೇಮಿಗಳ ಪರಸ್ಪರ ಸಲ್ಲಾಪವಾದವು. ಬೇಸರವು ಹಿಂದೆ ಸರಿದು ವಿರಹವು ಮುಂದೆ ಬಂದಿತು. ಕೇಳಲು ಅದು ಸೊಗಸು, ಸಂದೇಹವಿಲ್ಲ. ಜನರ ಕಣ್ಣಿನಲ್ಲಿ ನೀರು ಬರುವುದೂ ನಿಜ. ಅಂಥ ಮನೆಗಳು ಈ ಎರಡೂ ಊರುಗಳಲ್ಲಿ ಬೇಕಾದಷ್ಟಿವೆ. ಭದ್ರಾವತಿಯ ಕಾಗದದ ಕಾರ್ಖಾನೆಯು 2015ರಲ್ಲಿ ನಿಂತುಹೋದ ಮೇಲೆ ಕ್ವಾರ್ಟರ್ಸುಗಳಲ್ಲಿ ಬೀಗಗಳು ಹೆಚ್ಚಿದವು. ಶಿವಮೊಗ್ಗೆಯ ಬಡಾವಣೆಗಳಲ್ಲಿ ದಂಪತಿಗಳಿಬ್ಬರೇ ಇರುವ ದೊಡ್ಡ ದೊಡ್ಡ ಮನೆಗಳಿವೆ. ಮಗನೋ ಮಗಳೋ ದೂರದೇಶದಲ್ಲಿ. ಆ ಮನೆಯ ತಾಯಿಯು ಈ ಹಾಡನ್ನು ಕೇಳಿ ಕಣ್ಣೊರೆಸಿಕೊಂಡರೆ ವಿಮರ್ಶಕನು ಅಡ್ಡಬಂದು, ಅಮ್ಮಾ, ಇದು ವಿಪ್ರಲಂಭವಲ್ಲ ಎನ್ನುವುದು ಅವಿವೇಕವಾದೀತು. ಆದರೂ ಹೋದ ಮಗನೇ ಅಲ್ಲಿ, ಎಲ್ಲವೂ ದೊರೆತ ಮೇಲೆ, ಒಂದು ಸಂಜೆ ಈ ಕವಿತೆಯನ್ನು ಪುಸ್ತಕದಲ್ಲಿ ಓದಿದರೆ ಆತನಿಗೆ ತಾಗುವ ಅರ್ಥವೇ ಬೇರೆ. ಕವಿತೆಯು ಪ್ರಶ್ನಿಸುತ್ತಿರುವುದು ಆತನನ್ನು.

2023ರಲ್ಲಿ ಹೇಮಂತ ರಾವ್ ಅವರು ಎರಡು ಭಾಗಗಳಲ್ಲಿ ತೆಗೆದ ಪ್ರೇಮಚಿತ್ರಕ್ಕೆ ‘ಸಪ್ತ ಸಾಗರದಾಚೆ ಎಲ್ಲೋ’ ಎಂದು ಇದೇ ಕವಿತೆಯ ಮಾತನ್ನು ಹೆಸರಾಗಿಟ್ಟರು. ಮುಕ್ಕಾಲು ಶತಮಾನದ ಬಳಿಕವೂ ಹೊಸ ಹುಡುಗರು ಕಡ ಕೇಳಿಕೊಂಡು ಬರುವ ಬಾಗಿಲು ಇದು. ನವ್ಯರ ಯಾವ ಕವಿತೆಗೂ ಈ ಭಾಗ್ಯವಿಲ್ಲ. 1974ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ‘ವರ್ಧಮಾನ’ದಿಂದ ನಾಲ್ಕು ಮಾತು ಹೇಳಬಲ್ಲವರನ್ನು ಸಭೆಯಲ್ಲಿ ಕೈಯೆತ್ತಿರೆಂದರೆ ಎಷ್ಟು ಕೈಗಳು ಎದ್ದಾವು? ಕವಿಯು ಬಿಟ್ಟುಬಂದುದನ್ನೇ ಜನರು ಹಿಡಿದುಕೊಂಡರು.

ಹಾಡಿನಲ್ಲಿ ಅರ್ಥವು ಜಾರುವ ಜಾಗವು ಮುಖ್ಯವಾಗಿ ಒಂದು, ಅದು ಕೊನೆಯ ಮಾತು. ಕೈಯಲ್ಲಿರುವುದನ್ನು ತೊರೆದು ಕೈಗೆ ದೊರೆಯದುದಕ್ಕೆ ಹಂಬಲಿಸುವ ವಿಚಾರವು ಅಲ್ಲಿ ಬರುತ್ತದೆ. ಅದನ್ನು ಜನರು ಗಾದೆಯಂತೆ ಬಳಸುತ್ತಾರೆ. ಬೀಳ್ಕೊಡುಗೆಯ ಭಾಷಣಗಳಲ್ಲಿ ಅದು ಬಾರದಿದ್ದರೆ ಭಾಷಣವೇ ಪೂರ್ತಿಯಾಗದು. ಅಂಥ ಹಂಬಲವೇ ಜೀವನ, ಎಂದು ಸಿದ್ಧಾಂತ. ಆದರೆ ಕನ್ನಡದಲ್ಲಿ ಅವಧಾರಣೆಯ ಏಕಾರಕ್ಕೂ ಪ್ರಶ್ನೆಯ ಏಕಾರಕ್ಕೂ ರೂಪಭೇದವಿಲ್ಲ. ‘ಇದೇ ದಾರಿ’ ಎಂದರೆ ನಿಶ್ಚಯ, ‘ಇದೇ ದಾರಿ?’ ಎಂದರೆ ಸಂಶಯ. ಆಡುವ ಮಾತಿನಲ್ಲಿ ದನಿಯ ಏರಿಳಿತವು ಎರಡನ್ನೂ ಬೇರ್ಪಡಿಸುತ್ತದೆ. ಇಡೀ ಕವಿತೆಯಲ್ಲಿ ಪ್ರಶ್ನೆಗಳನ್ನೇ ಪೋಣಿಸಿದ ಕವಿಯು ಕೊನೆಯ ಮಣಿಯಲ್ಲಿ ಮಾತ್ರ ಸಿದ್ಧಾಂತವನ್ನು ಪೋಣಿಸುವುದಕ್ಕೆ ಕಾರಣವು ತೋರುವುದಿಲ್ಲ. ಹಾಡುವಾಗ ಏನಾಗುತ್ತದೆ? ಗಾಯಕನು ಆ ಮಾತನ್ನು ಎರಡು ಮೂರು ಸಲ ಆವರ್ತಿಸಿ, ಸ್ವರವನ್ನು ಇಳಿಸಿಕೊಂಡು ಬಂದು, ಕೊನೆಗೆ ಷಡ್ಜದಲ್ಲಿ ನಿಲ್ಲುತ್ತಾನೆ. ಷಡ್ಜದಲ್ಲಿ ನಿಂತ ಪ್ರಶ್ನೆಯು ಪ್ರಶ್ನೆಯಾಗಿ ಉಳಿಯುವುದಿಲ್ಲ. ಕಿವಿಗೆ ನೆಲೆ ಸಿಕ್ಕಿದೊಡನೆ ಮನಸ್ಸಿಗೂ ಉತ್ತರ ಸಿಕ್ಕಂತಾಗಿ ಚಪ್ಪಾಳೆ ಬೀಳುತ್ತದೆ.

ಹಾಗಾದರೆ ಹಾಡಲೇಬಾರದೇ? ಹಾಗೆಂದವರು ಕವಿತೆಯ ಛಂದಸ್ಸನ್ನು ನೋಡಿದವರಲ್ಲ. ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ಮತ್ತೆ ನಾಲ್ಕು: ಇದು ಭಾಮಿನಿಯ ನಡೆ, ಕುಮಾರವ್ಯಾಸನ ನಡೆ. ಇಂಥ ನಡೆಯನ್ನು ಹಿಡಿದ ಪದ್ಯವು ದನಿಯನ್ನು ಬೇಡುತ್ತದೆ. ಬೇಡುವ ದನಿ ಯಾವುದೆಂಬುದಕ್ಕೆ ಶಿವಮೊಗ್ಗೆಯವರು ದೂರ ಹೋಗಬೇಕಾಗಿಲ್ಲ. ತುಂಗೆಯ ತಡಿಯ ಹೊಸಹಳ್ಳಿಯಲ್ಲಿ ಗಮಕದ ಪರಂಪರೆಯುಂಟು. 2022ರಲ್ಲಿ ಪದ್ಮಶ್ರೀ ಪಡೆದು ಅದೇ 2022ರ ಡಿಸೆಂಬರಿನಲ್ಲಿ ಕಾಲವಾದ ಎಚ್. ಆರ್. ಕೇಶವಮೂರ್ತಿಗಳ ವಾಚನವನ್ನು ಕೇಳಿದವರು ಈ ಊರಿನಲ್ಲಿ ನೂರಾರು ಮಂದಿ ಇದ್ದಾರೆ. ಗಮಕಿಗೆ ರಾಗವು ಬೇಕು, ಆದರೆ ತಾಳದ ಕಟ್ಟಿಲ್ಲ. ದುರ್ಯೋಧನನು ಗರ್ಜಿಸುವಲ್ಲಿ ಒಂದು ರಾಗ, ದ್ರೌಪದಿಯು ಕೇಳುವಲ್ಲಿ ಇನ್ನೊಂದು. ಪ್ರಶ್ನೆ ಬಂದರೆ ದನಿಯನ್ನು ಮೇಲೆಯೇ ನಿಲ್ಲಿಸಿ ಸುಮ್ಮನಾಗುವ ಸ್ವಾತಂತ್ರ್ಯವು ಆತನಿಗುಂಟು. ಮಾತು ಯಜಮಾನ, ರಾಗವು ಆಳು. ಸುಬ್ಬಣ್ಣನವರ ಗಾಯನದಲ್ಲಿ ಪದವು ಮುಚ್ಚಿಹೋಗುತ್ತಿರಲಿಲ್ಲ ಎಂದು ಮೇಲೆ ಹೇಳಿದುದು ಈ ಗುಣವನ್ನೇ ಕುರಿತು.

ಈ ರೀತಿಯಲ್ಲಿ ‘ಮೋಹನ ಮುರಳಿ’ಯನ್ನು ಹಾಡಬಯಸುವ ಗಾಯಕನು ಮೂರು ಕೆಲಸಗಳನ್ನು ಮಾಡಿದರೆ ಸಾಕು. ನಡುವಣ ಪದ್ಯಗಳನ್ನು, ವಿಶೇಷವಾಗಿ ಅರಣಿಯ ಪದ್ಯವನ್ನು, ಹೊತ್ತು ಸಾಲದೆಂದು ಬಿಡಬಾರದು. ಅದನ್ನು ಬಿಟ್ಟರೆ ಉಳಿಯುವುದು ಬರಿಯ ಬೆಳದಿಂಗಳು. ಬೇಸರವೆಂಬ ಪದ ಬಂದಾಗ ಅದರ ಮೇಲೆ ಗಮಕವನ್ನು ಎಳೆದು ಸಿಹಿಮಾಡಬಾರದು. ಕೊನೆಯ ಮಾತನ್ನು ಒಂದೇ ಸಲ ಹೇಳಿ ಷಡ್ಜಕ್ಕೆ ಇಳಿಯದೆ ಬಿಡಬೇಕು. ಚಪ್ಪಾಳೆಯು ಒಂದು ಕ್ಷಣ ತಡವಾಗಿ ಬೀಳಬಹುದು. ಭಾವಗೀತೆಯ ಸ್ಪರ್ಧೆಗಳಿಗೆ ಮಕ್ಕಳು ಈ ಹಾಡನ್ನು ಹಾಳೆಯಲ್ಲಿ ಬರೆದುಕೊಂಡು ಬರುತ್ತಾರೆ. ಒಬ್ಬಳ ಹಾಳೆಯಲ್ಲಿ ಕೊನೆಗೆ ಪೂರ್ಣವಿರಾಮವಿರುತ್ತದೆ, ಪಕ್ಕದವಳ ಹಾಳೆಯಲ್ಲಿ ಪ್ರಶ್ನಚಿಹ್ನೆ. ಹಾಡುವಾಗ ಇಬ್ಬರೂ ಒಂದೇ ರೀತಿ ಹಾಡುತ್ತಾರೆ.